ಬನ್ನಿಗಿಡದ ಹೊಲದ ಕಿವಿ

ಹೊಲಕ್ಕೆ ಕಿವಿ ಇರುತ್ತವೆ ಎಂಬುದು ನಮ್ಮೂರಿನಲ್ಲಿ ಚರ್ಚೆಯ ವಿಷಯವೇ ಅಲ್ಲ. ಸೂರ್ಯ ಸಾವಳಗಿಯ ಕಡೆ ಹುಟ್ಟಿ ತುಬಚಿಯ ಕಡೆ ಮುಳುಗುತ್ತಾನೆ, ಹೊಲಕ್ಕೆ ಕಿವಿ ಇರುತ್ತವೆ. ಇಷ್ಟು ತಿಳಿದುಕೊಂಡ ಮೇಲೆಯೇ ಇಲ್ಲಿನ ಮಕ್ಕಳು ಶಾಲೆಗೆ ಹೆಸರು ಹಚ್ಚುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದ ತುಂಬ ಎಡೆಯ ಚರಗ ಚೆಲ್ಲಿ ಉಣ್ಣಿಸಿದ ಮೇಲಂತೂ ಬೆಳೆ ಹೊತ್ತ ಹೊಲವೆಂದರೆ ತುಂಬಿದ ಬಸುರಿ. ಬಸುರಿಯ ಎದುರಿಗೆ ಯಾರಾದರೂ ಕೆಟ್ಟ ಮಾತಾಡುತ್ತಾರೆಯೇ? ಹಾಗಾಗಿ ಹೊಲದಲ್ಲಿ ನಿಂತು 'ಹೋತು', 'ಹಾಳಾತು', 'ಏನೂ ಬರಲಿಲ್ಲ' ಎನ್ನುವಂತಿಲ್ಲ. ಅಂಥ ಮಾತು ಆಡಲೇಬೇಕಾದರೆ ಬದು ದಾಟಿ, ಬಂಡಿದಾರಿಗೆ ಬಂದು, ಹೊಲ ಹಿಂದೆಯೇ ಬಂದಿಲ್ಲವೆಂದು ಒಮ್ಮೆ ತಿರುಗಿ ನೋಡಿ, ಆಮೇಲೆ ಆಡಬೇಕು.

ಈ ಕಾನೂನಿನ ಹಿಂದೆ ಒಂದು ಕಥೆಯಿದೆ. ಅದನ್ನು ಊರಿನ ಮೂರು ತಲೆಮಾರಿನ ಮಕ್ಕಳಿಗೆ ಹೇಳಿದವಳು ಮ್ಯಾಲಿನ ಓಣಿಯ ಶಿವಗಂಗವ್ವ. ಹಿಂದೊಮ್ಮೆ ಒಬ್ಬ ಗೌಡ ಹೊಲದ ನಡುವೆ ನಿಂತು, ಮೀಸೆ ತಿರುವುತ್ತ, ಈ ವರ್ಷ ಇಕಿ ಏನೂ ಕೊಡಲಿಲ್ಲ ಎಂದನಂತೆ. ಹೊಲ ಕೇಳಿಸಿಕೊಂಡಿತು. ತನ್ನ ಹಸಿರು ಸೀರೆಯನ್ನು ಗಂಟು ಕಟ್ಟಿಕೊಂಡು ಪಾತಾಳದ ತವರುಮನೆಗೆ ಹೊರಟೇಹೋಯಿತು. ಮರುದಿನ ಗೌಡ ಬಂದು ನೋಡಿದರೆ ಹೊಲವಿದ್ದಲ್ಲಿ ಬರೀ ಬಂಡೆ. ಹನ್ನೆರಡು ವರ್ಷ ಬಂಡೆಯನ್ನೇ ಉತ್ತನಂತೆ. ಕೊನೆಗೆ ಅವನ ಸಣ್ಣ ಸೊಸೆ ದೀಪ ಹಿಡಿದುಕೊಂಡು ಪಾತಾಳಕ್ಕಿಳಿದು, ಕಾಲು ಹಿಡಿದು, ಎಣ್ಣೆ ಹಚ್ಚಿ ಎರೆದು ಕರೆದುಕೊಂಡು ಬಂದಳು. ಅಷ್ಟು ವರ್ಷ ಯಾಕೆ ಹಿಡಿಯಿತು ಎಂದು ನಾವು ಕೇಳಿದರೆ, ಆಗ ಆ ಕಡೆ ಬಸ್ಸಿರಲಿಲ್ಲ ಎಂದು ಹೇಳಿ ಶಿವಗಂಗವ್ವ ಎಲೆ-ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಗಿರಿಮಲ್ಲಪ್ಪ ಈ ಶಿವಗಂಗವ್ವನ ಒಬ್ಬನೇ ಮಗ. ಐವತ್ತು ದಾಟಿದ, ಯಾರಿಗೂ ಕೇಡು ಬಯಸದ, ಕೆಲಸಕ್ಕೆ ಎಂದೂ ಹಿಂದೆ ಸರಿಯದ ಮನುಷ್ಯ. ತೊಡಕು ಒಂದೇ: ಹೇಳಿದ ಕೆಲಸವನ್ನು ಬಿಟ್ಟು ಅದರ ಮಗ್ಗುಲಿನ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿ ಬರುತ್ತಿದ್ದ. ಹೆಂಡತಿ ಸಾವಿತ್ರೆವ್ವ ಜೋಳ ಬೀಸಿಕೊಂಡು ಬರಲು ಕಳಿಸಿದರೆ ಗಿರಣಿಯವನ ಮುರಿದ ಬಾಗಿಲು ರಿಪೇರಿ ಮಾಡಿ, ಜೋಳವನ್ನು ಜೋಳವಾಗಿಯೇ ಹೊತ್ತು ತರುತ್ತಿದ್ದ. ಜಮಖಂಡಿಗೆ ಒಂದು ಮದುವೆಗೆಂದು ಹೋಗಿ, ಪಕ್ಕದ ಮಂಟಪದಲ್ಲಿ ಅಕ್ಷತೆ ಹಾಕಿ, ಉಂಡು, ಉಡುಗೊರೆ ಕೊಟ್ಟು, ಬೀಗರ ನಡುವೆ ನಿಂತು ಫೋಟೋ ತೆಗೆಸಿಕೊಂಡು ಬಂದವನೂ ಇವನೇ. ಆ ಬೀಗರು ಈಗಲೂ ದೀಪಾವಳಿಗೆ ಫೋನು ಮಾಡುತ್ತಾರೆ.

ಆ ವರ್ಷ ಹಿಂಗಾರಿಯ ಬಿಳಿಜೋಳ ಆಳೆತ್ತರ ಬೆಳೆದಿತ್ತು. ಇನ್ನೇನು ಜೋಳ ಕೀಳಲು ಆಳು ಗೊತ್ತು ಮಾಡಬೇಕು ಎನ್ನುವಾಗ ಒಂದು ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ಮೊದಲು ಗಾಳಿ ಬಂತು, ಆಮೇಲೆ ಆಣಿಕಲ್ಲು. ನೆಲ್ಲಿಕಾಯಿಯಂಥವು, ನಿಂಬೆಹಣ್ಣಿನಂಥವು, ಬಸಗೊಂಡಪ್ಪನ ಮಾತು ನಂಬುವುದಾದರೆ ತೆಂಗಿನಕಾಯಿಯಂಥವು. ಬಸಗೊಂಡಪ್ಪನ ಹೊಲ ಗಿರಿಮಲ್ಲಪ್ಪನ ಹೊಲಕ್ಕೆ ಹೊಂದಿಕೊಂಡದ್ದು. ಅವನ ದನಿ ಇಡೀ ಊರಿಗೆ ಹೊಂದಿಕೊಂಡದ್ದು. ಮಳೆ ನಿಂತಾಗ ಊರ ಸುತ್ತ ಒಂದು ದಂಟೂ ನಿಂತಿರಲಿಲ್ಲ. ತೆನೆಗಳು ಕೆಸರಿನಲ್ಲಿ ಮುಖ ಹುದುಗಿಸಿ ಮಲಗಿದ್ದವು. ಜನ ಹೊಲಕ್ಕೆ ಹೋಗಿ ನೋಡಿ, ಬಾಯಿ ಬಿಗಿಹಿಡಿದು, ಬದು ದಾಟಿ ಬಂಡಿದಾರಿಗೆ ಬಂದು ಅತ್ತರು.

ಎಲ್ಲರೂ ಬೆಳೆವಿಮೆ ತುಂಬಿದ್ದರು, ಅದೊಂದು ಧೈರ್ಯವಿತ್ತು. ಆದರೆ ವಿಮೆ ಕಂಪನಿಯವರು, ಹೊಲಹೊಲ ತಿರುಗುವಷ್ಟು ಮಂದಿ ನಮ್ಮಲ್ಲಿಲ್ಲ, ಊರಿನ ಪರವಾಗಿ ಒಂದು ಹೊಲ ನೋಡುತ್ತೇವೆ, ಅದಕ್ಕಾದದ್ದೇ ಎಲ್ಲರಿಗೂ ಎಂದರು. ಆ ಹೊಲಕ್ಕೆ ಪರಿಹಾರ ಸಿಕ್ಕರೆ ಊರಿಗೆಲ್ಲ ಸಿಕ್ಕಿತು. ಸಿಗದಿದ್ದರೆ ಯಾರಿಗೂ ಇಲ್ಲ. ಮುಂದಿನ ಬಿತ್ತನೆಯ ಬೀಜ, ಗೊಬ್ಬರ, ದನಗಳ ಮೇವು, ಎಲ್ಲವೂ ಆ ಒಂದು ಹೊಲದ ಮೇಲೆ ಬಂದು ಕೂತವು. ಪಂಚಾಯತಿ ಕಟ್ಟೆಯ ಮೇಲೆ ಚೀಟಿ ಎತ್ತಿದರು. ಬಂದದ್ದು ಗಿರಿಮಲ್ಲಪ್ಪನ ಬನ್ನಿಗಿಡದ ಹೊಲ.

ಕಟ್ಟೆಯ ಮೇಲಿದ್ದವರು ಚೀಟಿಯನ್ನು ತಿರುಗಿಸಿ ಮತ್ತೊಮ್ಮೆ ಓದಿದರು. ಇನ್ನೊಮ್ಮೆ ಎತ್ತಿದರೆ ಹೇಗೆ ಎಂದು ಬಸಗೊಂಡಪ್ಪ ಸಣ್ಣ ದನಿಯಲ್ಲಿ ಕೇಳಿದ. ಅವನ ಸಣ್ಣ ದನಿ ಊರಬಾಗಿಲ ಅಗಸಿಯ ತನಕ ಕೇಳಿಸಿತು. ಗಿರಿಮಲ್ಲಪ್ಪ ಮಾತ್ರ ಎದ್ದು ನಿಂತು ಎಲ್ಲರಿಗೂ ಕೈಮುಗಿದ. ಇಷ್ಟು ಹೊಲಗಳಿರುವಾಗ ತನ್ನ ಹೊಲವನ್ನೇ ಆರಿಸಿದ್ದಾರೆಂದರೆ ಅದು ತನ್ನ ಹೊಲಕ್ಕೆ ಸಂದ ಮರ್ಯಾದೆ ಎಂದು ಅವನು ತಿಳಿದಿದ್ದ. ಅಂದಿನಿಂದ ಅವನ ನಡಿಗೆಯೇ ಬದಲಾಯಿತು.

ವಿಮೆಯ ಸರ್ವೆ ಸಾಹೇಬರು ಬರುವ ಹಿಂದಿನ ದಿನ ಗಿರಿಮಲ್ಲಪ್ಪ ಕ್ಷೌರ ಮಾಡಿಸಿಕೊಂಡ. ತಲೆಗೆ ಸುತ್ತುವ ಗುಲಾಬಿ ಪಟಗಾ ಬಿಸಿಲಿಗೆ ಹಾಕಿದ. ಸಾವಿತ್ರೆವ್ವ ರಬಕವಿಯ ಸೀರೆ ತೆಗೆದಿಟ್ಟಳು. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಗಿರಿಮಲ್ಲಪ್ಪ ಹೇಗಾಗುತ್ತಿದ್ದ? ಬರುವವರು ದೊಡ್ಡವರು, ತಮ್ಮ ಹೊಲ ತಲೆ ಕೆದರಿಕೊಂಡು ಮಲಗಿದ್ದರೆ ನೋಡಿದವರು ಏನಂದುಕೊಂಡಾರು ಎಂಬ ಸಂಕಟ ಅವನಿಗೆ. ಹೊಲಕ್ಕೆ ಹೋಗಿ, ಬಂಡಿದಾರಿಯಿಂದ ಕಾಣುವಷ್ಟು ಜಾಗದಲ್ಲಿ ಬಿದ್ದ ದಂಟುಗಳನ್ನು ಎತ್ತಿ, ತೊಳೆದು, ಗೂಟಕ್ಕೆ ಕಟ್ಟಿ ನಿಲ್ಲಿಸಿದ. ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಪೂಜಿಸುವ ಐದು ಕಲ್ಲುಗಳಿಗೆ ಸುಣ್ಣ ಬಳಿದ. ದೂರದಿಂದ ನೋಡಿದರೆ ಹೊಲ ವರನ ಕಡೆಯವರ ಮುಂದೆ ಕೂತ ಹೆಣ್ಣಿನಂತೆ ಕಾಣುತ್ತಿತ್ತು.

ಸಂಜೆ ಮನೆಗೆ ಬಂದಾಗ ಶಿವಗಂಗವ್ವ ದಿನಾ ಕೇಳುವ ಪ್ರಶ್ನೆಯನ್ನೇ ಕೇಳಿದಳು. ಮಂಡಿನೋವಿನಿಂದ ಅವಳು ಹೊಲಕ್ಕೆ ಹೋಗುವುದನ್ನು ಬಿಟ್ಟಿದ್ದಳು. ಹೊಲದ ಸುದ್ದಿ ಮಗನ ಬಾಯಿಂದಲೇ ತಿಳಿಯಬೇಕು.

"ಹೆಂಗದಾಳೋ ಆಕಿ?"

"ಛಲೋ ಅದಾಳ ಯವ್ವಾ," ಎಂದ ಗಿರಿಮಲ್ಲಪ್ಪ, ಪಟಗಾ ಸುತ್ತುವುದರಲ್ಲಿ ಮಗ್ನನಾದಂತೆ. ಮಳೆಯಾದ ದಿನದಿಂದ ಅವನು ಹೀಗೆಯೇ ಹೇಳುತ್ತ ಬಂದಿದ್ದ.

ಮರುದಿನ ಬೀಳಗಿ ಕಡೆಯ ಕೆಲಸ ಮುಗಿಸಿಕೊಂಡು ನೀಲಕಂಠ ಬಂದ. ವಿಮೆ ಕಂಪನಿಯ ಹುಡುಗ, ತುಮಕೂರು ಕಡೆಯವನು, ಮುಧೋಳದ ನಾಯಿಯಂತೆ ಉದ್ದಕ್ಕೆ ತೆಳ್ಳಗಿದ್ದ. ಊರಿಗೆ ಊರೇ ಅವನ ಹಿಂದೆ ಬನ್ನಿಗಿಡದ ಹೊಲಕ್ಕೆ ಬಂತು. ನೀಲಕಂಠ ಗೂಟಕ್ಕೆ ಕಟ್ಟಿದ ದಂಟುಗಳನ್ನು ನೋಡಿ ಹುಬ್ಬೇರಿಸಿದ. ಅವುಗಳ ಹಿಂದೆ ಮಲಗಿದ್ದ ಹೊಲವನ್ನೂ ನೋಡಿ ಹುಬ್ಬು ಇಳಿಸಿದ. ನಂತರ ಮೊಬೈಲು ತೆಗೆದು ವಿವರಿಸಿದ: ಹೊಲದ ಉತಾರದ ಕಾಗದದಲ್ಲಿ ಹೆಸರಿದ್ದವರು ತಮ್ಮ ಹೊಲದಲ್ಲೇ ನಿಂತು, ಬೆಳೆ ಹಾಳಾಗಿದೆ ಎಂದು ಸ್ವಂತ ಬಾಯಿಂದ ಹೇಳಬೇಕು. ನಿಂತ ಜಾಗ ಯಾವುದೆಂದು ಮೊಬೈಲು ತಾನೇ ಗುರುತು ಹಾಕಿಕೊಳ್ಳುತ್ತದೆ. ವಿಡಿಯೋ ಮೇಲಿನ ಆಫೀಸಿಗೆ ಹೋಗುತ್ತದೆ. ಅಷ್ಟೇ.

ಅಷ್ಟೇ ಎಂದು ಅವನು ಹೇಳಿದ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಿರಿಮಲ್ಲಪ್ಪ ಚಪ್ಪಲಿ ಕಳಚಿ, ಹೊಲದ ನಡುವೆ ಹೋಗಿ, ಪಟಗಾ ಸರಿಮಾಡಿಕೊಂಡು ನಿಂತ. ತನ್ನ ಹೆಸರು ಹೇಳಿದ. ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜ ಈ ಹೊಲ ಕೊಂಡ ಬಗೆ, ಬನ್ನಿಗಿಡ ಯಾರು ನೆಟ್ಟರು ಎಂಬುದು, ಎಲ್ಲವೂ ಬಂದವು. ಬೆಳೆಯ ಮಾತು ಮಾತ್ರ ಬರಲಿಲ್ಲ. ನೀಲಕಂಠ ಕೈಸನ್ನೆ ಮಾಡಿದ. ಗಿರಿಮಲ್ಲಪ್ಪ ಬಾಯಿ ತೆರೆದ. ಬರಿಗಾಲಿನ ಕೆಳಗೆ ಎರೆಮಣ್ಣು ತಣ್ಣಗೆ, ಮೆತ್ತಗೆ, ಏನು ಹೇಳುತ್ತಾನೋ ಎಂದು ಕಾಯುತ್ತಿತ್ತು.

"ಬೆಳಿ... ದೇವರ ದಯಾದಿಂದ ಛಲೋ ಐತ್ರಿ," ಎಂದ.

ನೀಲಕಂಠ ಮೊಬೈಲು ಇಳಿಸಿದ. "ಯಜಮಾನ್ರೇ, ಯಾವ್ದು ಚೆನ್ನಾಗಿರೋದು?"

"ಆಕಿ ಬಂಗಾರದಂಥಾಕಿ ಅದಾಳ್ರಿ ಸಾಹೇಬ್ರ. ಏನ ಕಮ್ಮಿ ಮಾಡಿಲ್ಲ ನಮಗ."

ನೀಲಕಂಠ ಸುತ್ತಲೂ ನೋಡಿ, ಹೆಂಗಸರಲ್ಲಿ ಯಾರ ಬಗ್ಗೆ ಮಾತು ನಡೆದಿದೆ ಎಂದು ಹುಡುಕಿದ. ಸಾವಿತ್ರೆವ್ವ ನಾಚಿ ಸೆರಗು ಸರಿಮಾಡಿಕೊಂಡಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಗಂಡ ತನ್ನನ್ನು ಬಂಗಾರ ಎಂದದ್ದು ಅವಳು ಕೇಳಿರಲಿಲ್ಲ. ಹೊಲಕ್ಕೆ ಹೇಳಿದ್ದೆಂದು ತಿಳಿದ ಮೇಲೆ ಸೆರಗನ್ನು ಮೊದಲಿದ್ದಂತೆಯೇ ಮಾಡಿದಳು.

ಬಸಗೊಂಡಪ್ಪ ಬದುವಿನ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. ಆದರೆ ಅವನೂ ಬಾಯಿಬಿಟ್ಟು ಬಯ್ಯಲು ಬಂಡಿದಾರಿಗೆ ಹೋಗಬೇಕಾಯಿತು. ಅಲ್ಲಿಂದ ಅವನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ತಾತ್ಪರ್ಯವೆಂದರೆ, ಗಿರಿಮಲ್ಲಪ್ಪ ಊರಿನ ಅನ್ನಕ್ಕೆ ಕಲ್ಲು ಹಾಕಿದ ಮತ್ತು ದಂಟಿಗೆ ಗೂಟ ಕಟ್ಟಿದ ಕೈಗೆ ಏನಾದರೂ ಕಟ್ಟಬೇಕು.

ನೀಲಕಂಠನಿಗೆ ಸಮಸ್ಯೆ ತಿಳಿಸಿ ಹೇಳಲು ಸಾವಿತ್ರೆವ್ವನ ಮನೆಯಲ್ಲಿ ಎರಡು ಕಪ್ಪು ಚಹಾ, ಒಂದು ತಾಟು ಸಜ್ಜಕ ಬೇಕಾದವು. ಅವನು ಮೊದಲು ನಕ್ಕ. ಆಮೇಲೆ ಶಿವಗಂಗವ್ವ ಒಳಗಿನ ಕೋಣೆಯಿಂದ ಗೌಡನ ಕಥೆ ಹೇಳತೊಡಗಿದಾಗ ಸಜ್ಜಕ ಕೈಯಲ್ಲೇ ಉಳಿಯಿತು. ಪಾತಾಳದ ಬಸ್ಸಿನವರೆಗೂ ಕೇಳಿ, ತನಗೆ ವಿಡಿಯೋ ಕಳಿಸಲು ಶನಿವಾರದ ಸಂಜೆಯವರೆಗೆ ಮಾತ್ರ ಸಮಯವಿದೆ ಎಂದ. ಅಂದು ಗುರುವಾರ.

ಅಂದೇ ಇನ್ನೊಂದು ಪ್ರಯತ್ನವಾಯಿತು. ಹೊಲದಲ್ಲಿ ಆಡಬಾರದ ಮಾತನ್ನು ಬಂಡಿದಾರಿಯಲ್ಲಿ ಆಡಬಹುದಲ್ಲವೇ? ಗಿರಿಮಲ್ಲಪ್ಪನನ್ನು ಬಂಡಿದಾರಿಯಲ್ಲಿ ನಿಲ್ಲಿಸಿದರು. ಅವನು ತಿರುಗಿ ಒಮ್ಮೆ ನೋಡಿ, ಹೊಲ ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಮಾತು ಶುರುಮಾಡಿದ. ಏನು ಮಾತು! ತೆನೆ ಎಷ್ಟು ದಪ್ಪವಿತ್ತು, ಆಣಿಕಲ್ಲು ಬೀಳುವಾಗ ತಾನು ಅಂಗಳದಲ್ಲಿ ನಿಂತು ಹೇಗೆ ಒದ್ದಾಡಿದೆ, ಬೆಳಿಗ್ಗೆ ಬಂದು ನೋಡಿದಾಗ ಎದೆ ಹೇಗೆ ಧಸಕ್ಕೆಂದಿತು, ಎಲ್ಲವನ್ನೂ ಹೇಳಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಬಸಗೊಂಡಪ್ಪ ಕೂಡ ಮೂಗು ಒರೆಸಿಕೊಂಡು, ಗಿರಿಮಲ್ಲ ಇಂಥಾ ಮಾತುಗಾರ ಅಂತ ಗೊತ್ತಿರಲಿಲ್ಲ ಎಂದ.

ಒಪ್ಪದೇ ಹೋದದ್ದು ಮೊಬೈಲು ಮಾತ್ರ. ಅದು ಗುರುತು ಹಾಕಿದ ಜಾಗ ಹೊಲದ್ದಲ್ಲ, ಸರಕಾರಿ ದಾರಿಯದು. ಸರಕಾರಿ ದಾರಿಯಲ್ಲಿ ಬೆಳೆ ಇಲ್ಲ. ಬೆಳೆ ಇಲ್ಲದಲ್ಲಿ ನಷ್ಟವಿಲ್ಲ. ಈ ವಿಡಿಯೋ ಹೋದರೆ ದಾರಿ ಹಾಳಾಗಿದೆ ಎಂದು ಅರ್ಜಿ ಕೊಟ್ಟಂತಾಗುತ್ತದೆ ಎಂದ ನೀಲಕಂಠ.

"ಅದೂ ಖರೆನ ಐತಿ," ಎಂದ ಬಸಗೊಂಡಪ್ಪ. "ಕಳಸ್ರಿ. ಬೆಳಿ ಅಲ್ಲದಿದ್ರ ಡಾಂಬರ ಆದ್ರೂ ಬರಲಿ."

ಶುಕ್ರವಾರ ಊರಿನ ಹಿರಿಯರೆಲ್ಲ ಕೂಡಿ ತಲೆ ಓಡಿಸಿದರು. ಕಾನೂನು ಇರುವುದು ಮಣ್ಣಿನ ಮೇಲೆ ನಿಂತು ಮಾತಾಡಬಾರದೆಂದು. ಹೊಲದಲ್ಲೇ ಇದ್ದು ಮಣ್ಣು ಮುಟ್ಟದಿದ್ದರೆ? ಹೊಲದ ನಡುವೆ ಹಗ್ಗ ಹೆಣೆದ ಹೊರಸು ಹಾಕಿದರು. ಹೊರಸಿನ ನಾಲ್ಕು ಕಾಲುಗಳ ಕೆಳಗೆ ಕಂಬಳಿ ಮಡಿಸಿ ಇಟ್ಟರು, ಮಾತು ಕಾಲಿನ ಮೂಲಕ ಇಳಿಯಬಾರದೆಂದು. ಇಷ್ಟು ಎತ್ತರದಿಂದ ಆಡಿದರೂ ಅವಳಿಗೆ ಕೇಳಿಸುವುದಿಲ್ಲವೇ ಎಂದು ಯಾರೋ ಅನುಮಾನ ಎತ್ತಿದರು. ಅದಕ್ಕೂ ಉಪಾಯವಿತ್ತು. ಬೀರೇಶ್ವರನ ಭಕ್ತ, ಕುರಿಕಾಯುವ ಭೀಮಶಿಯ ಡೊಳ್ಳು ಮೂರು ಹೊಲದಾಚೆಯ ಕುರಿಗಳನ್ನೂ ಎಬ್ಬಿಸುವಂಥದ್ದು. ಗಿರಿಮಲ್ಲಪ್ಪ ಆ ಮಾತು ಆಡುವಾಗ ಭೀಮಶಿ ಡೊಳ್ಳು ಬಾರಿಸಲಿ. ಅವಳಿಗೆ ಡೊಳ್ಳು ಕೇಳಲಿ, ಮೊಬೈಲಿಗೆ ಮಾತು ಕೇಳಲಿ.

ಯೋಜನೆ ಎಲ್ಲ ರೀತಿಯಿಂದಲೂ ಸರಿಯಾಗಿ ನಡೆಯಿತು. ಗಿರಿಮಲ್ಲಪ್ಪ ಗುಲಾಬಿ ಪಟಗಾ ಸುತ್ತಿಕೊಂಡು ಹೊರಸಿನ ಮೇಲೆ ನಿಂತ. ಭೀಮಶಿ ಅರಿಶಿನದ ಭಂಡಾರ ಹಾರಿಸಿ ಡೊಳ್ಳಿಗೆ ಕೈ ಹಚ್ಚಿದ. ಡೊಳ್ಳು ಕೇಳಿದ ಮೇಲೆ ಸುಮ್ಮನೆ ನಿಲ್ಲಲಾರದ ಇಬ್ಬರು ಹುಡುಗರು ಕುಣಿಯತೊಡಗಿದರು. ಗಿರಿಮಲ್ಲಪ್ಪ ಕೈಯೆತ್ತಿ, ಕೆಳಗಿಳಿಸಿ, ಎದೆ ಬಡಿದುಕೊಂಡು, ಬಾಯಿ ದೊಡ್ಡದು ಮಾಡಿ ಏನೇನೋ ಹೇಳಿದ. ಹೊರಸು ಅಲುಗಾಡಿದ್ದರಿಂದ ಅವನೂ ತಾಳಕ್ಕೆ ತಕ್ಕಂತೆ ಅಲುಗಾಡಿದ.

ಸಂಜೆಗೆ ಮೇಲಿನ ಆಫೀಸಿನ ಮ್ಯಾನೇಜರು ಫೋನು ಮಾಡಿದರು. ನೀಲಕಂಠ ಫೋನನ್ನು ಜೋರಾಗಿಟ್ಟ, ಎಲ್ಲರೂ ಕೇಳಲೆಂದು. ಸುಗ್ಗಿಯ ಸಂಭ್ರಮ ಬಹಳ ಚೆನ್ನಾಗಿ ಮೂಡಿಬಂದಿದೆ ಎಂದರು ಮ್ಯಾನೇಜರು. ಹೊರಸಿನ ಮೇಲಿನ ಹಿರಿಯರ ಕುಣಿತ ತಮ್ಮ ಮನೆಯವರಿಗೂ ಹಿಡಿಸಿತು. ಆದರೆ ಇಷ್ಟು ಸಂತೋಷವಾಗಿರುವ ರೈತರಿಗೆ ಪರಿಹಾರ ಯಾಕೆ ಬೇಕು ಎಂಬುದು ತಿಳಿಯಲಿಲ್ಲ. ನಾಳೆ ಸಂಜೆಯೊಳಗೆ ಸರಿಯಾದ ಹೇಳಿಕೆ ಬರದಿದ್ದರೆ ಈ ಊರಿಗೆ ನಷ್ಟವಿಲ್ಲವೆಂದು ಬರೆದು ಮುಗಿಸುತ್ತೇವೆ.

ಫೋನು ಕಟ್ಟಾಯಿತು. ಯಾರೂ ಗಿರಿಮಲ್ಲಪ್ಪನನ್ನು ಬಯ್ಯಲಿಲ್ಲ. ಬಸಗೊಂಡಪ್ಪನೂ ಬಯ್ಯಲಿಲ್ಲ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಭೀಮಶಿ ಡೊಳ್ಳನ್ನು ಕಂಬಳಿಯಲ್ಲಿ ಸುತ್ತುತ್ತ, ನನ್ನ ಡೊಳ್ಳಿಂದ ಊರಿನ ಅನ್ನ ಹೋಯಿತಲ್ಲ ಎಂದು ತಾನೇ ನೊಂದುಕೊಂಡ.

ಮನೆಗೆ ಬಂದು ಗಿರಿಮಲ್ಲಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಪಟಗಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಸಾವಿತ್ರೆವ್ವ ರೊಟ್ಟಿ ಇಟ್ಟಳು, ಮುಟ್ಟಲಿಲ್ಲ. ನಾಳೆ ಬೆಳಿಗ್ಗೆ ತಾನು ಹೇಗಾದರೂ ಆ ಮಾತು ಆಡಿಬಿಡುತ್ತೇನೆ ಎಂದು ಅವಳಿಗೆ ಹೇಳಿದ. ಹೇಳುತ್ತಲೇ ಪಟಗಾವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

ಒಳಗಿನಿಂದ ಶಿವಗಂಗವ್ವನ ದನಿ ಬಂತು. "ಹೆಂಗದಾಳೋ ಆಕಿ?"

ಛಲೋ ಅದಾಳ ಎಂಬ ಮಾತು ಅಂದು ಗಿರಿಮಲ್ಲಪ್ಪನಿಗೆ ಬರಲಿಲ್ಲ. ಸಾವಿತ್ರೆವ್ವ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು ಎದ್ದಳು.

"ಅತ್ತಿ, ಆಕಿ ಛಲೋ ಇಲ್ಲ. ಮಳಿ ಆದ ದಿನದಿಂದನೂ ಛಲೋ ಇಲ್ಲ. ನಿಮ್ಮ ಮಗಗ ಹೇಳಾಕ ಬಾಯಿ ಬರವಲ್ದು, ಊರು ಉಪಾಸ ಬೀಳತೈತಿ."

ಗಿರಿಮಲ್ಲಪ್ಪ ಕಣ್ಣು ಮುಚ್ಚಿಕೊಂಡ. ಆಮೇಲೆ ಶಿವಗಂಗವ್ವ ಕೋಲೂರಿ ಹೊಸ್ತಿಲಿಗೆ ಬಂದು ನಿಂತಳು.

"ಆಣಿಕಲ್ಲು ನಮ್ಮ ಅಂಗ್ಳದಾಗೂ ಬಿದ್ದಾವಲ್ಲೋ. ನಾ ಏನ ಕುರುಡಿ, ಕಿವುಡಿ ಅದೀನೇನ? ನೀ ದಿನಾ ಛಲೋ ಅದಾಳ ಅಂತಿದ್ದಿ. ಅಂದ್ರ ನಿನಗ ಸಮಾಧಾನ ಆಗತೈತಿ ಅಂತ ನಾ ಹೂಂ ಅಂತಿದ್ದೆ."

ಮಗ ತಾಯಿಯ ಸಮಾಧಾನಕ್ಕೆ, ತಾಯಿ ಮಗನ ಸಮಾಧಾನಕ್ಕೆ ಇಷ್ಟು ದಿನ ಒಂದೇ ಸುಳ್ಳನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದರು. ಶಿವಗಂಗವ್ವ ನಾಳೆ ಬೆಳಿಗ್ಗೆ ಬಂಡಿ ಕಟ್ಟು ಎಂದಳು. ಸಾವಿತ್ರೆವ್ವನಿಗೆ ಎಣ್ಣೆ, ಅರಿಶಿನ, ಒಂದು ಹಸಿರು ಕುಪ್ಪಸದ ಖಣ ತೆಗೆದಿಡಲು ಹೇಳಿದಳು.

ಶನಿವಾರ ಬೆಳಿಗ್ಗೆ ಊರಿನವರು ಮತ್ತೆ ಬನ್ನಿಗಿಡದ ಹೊಲದ ಬದುವಿನ ಮೇಲೆ ನಿಂತರು. ಈ ಸಲ ಯಾರೂ ಉಪಾಯ ಹೇಳಲಿಲ್ಲ. ಗಿರಿಮಲ್ಲಪ್ಪ ತಾಯಿಯನ್ನು ಬಂಡಿಯಿಂದ ಎತ್ತಿ ಇಳಿಸಿದ. ಅವಳು ಕೋಲೂರುತ್ತ ಒಳಗೆ ನಡೆದಳು. ಗೂಟಕ್ಕೆ ಕಟ್ಟಿದ ದಂಟುಗಳನ್ನು ನೋಡಿ ನಿಂತು, ಇದ್ಯಾರು ಮಾಡಿದ್ದು ಎಂದು ಕೇಳಿದಳು. ಗಿರಿಮಲ್ಲಪ್ಪ ತಲೆ ಬಗ್ಗಿಸಿದ. ಅವಳು ಬಗ್ಗಿ ಒಂದೊಂದೇ ಕಟ್ಟು ಬಿಚ್ಚಿದಳು. ದಂಟುಗಳು ತಮ್ಮ ಜೊತೆಯವರ ಪಕ್ಕದಲ್ಲಿ ಮಲಗಿದವು.

ನೀಲಕಂಠ ಮೊಬೈಲು ಹಿಡಿದು ಸಿದ್ಧನಾಗಿದ್ದ. ಉತಾರದಲ್ಲಿ ತಾಯಿ, ಮಗ ಇಬ್ಬರ ಹೆಸರೂ ಇದ್ದುದರಿಂದ ಯಾರು ಹೇಳಿದರೂ ನಡೆಯುತ್ತಿತ್ತು. ಆದರೂ ಅವನಿಗೆ ಮನಸ್ಸು ತಡೆಯಲಿಲ್ಲ.

"ಅಜ್ಜಿ, ಇಲ್ಲಿ ನಿಂತು ಹೇಳ್ಬಾರ್ದು ಅಂತ ನೀವೇ ಕಥೆ ಹೇಳಿದ್ರಲ್ಲ?"

"ಬಸುರಿ ಮುಂದ ಕೆಟ್ಟ ಮಾತು ಆಡಬಾರದಪಾ, ಖರೆ," ಎಂದಳು ಶಿವಗಂಗವ್ವ. "ಬಸುರ ಇಳದ ಮ್ಯಾಲೂ ಏನೂ ಆಗಿಲ್ಲ, ಛಲೋ ಅದಾಳ ಅಂತ ಎದುರಿಗೆ ಕುಂತು ನಕ್ಕರ, ಆಕಿಗೆ ಹೆಂಗ ಅನಸಬೇಕು?"

ನೀಲಕಂಠ ತನ್ನ ಬೂಟುಗಳನ್ನು ನೋಡಿಕೊಂಡ. ನಿಧಾನಕ್ಕೆ ಕಳಚಿ ಬದುವಿನ ಮೇಲಿಟ್ಟು ಬಂದ.

ಶಿವಗಂಗವ್ವ ಕೋಲು ಬದಿಗಿಟ್ಟು ನೆಲಕ್ಕೆ ಕೂತಳು. ಅಂಗೈಗೆ ಎಣ್ಣೆ ಸುರಿದುಕೊಂಡು, ಬಾಣಂತಿಯ ನೆತ್ತಿಗೆ ಒತ್ತುವಂತೆ ಒದ್ದೆ ಮಣ್ಣಿಗೆ ಒತ್ತಿದಳು. ಅರಿಶಿನ ಹಚ್ಚಿದಳು. ಹಸಿರು ಖಣವನ್ನು ಬಿದ್ದ ತೆನೆಗಳ ಮೇಲೆ ಹೊದಿಸಿದಳು. ಅವಳ ದನಿ ಮಕ್ಕಳಿಗೆ ಕಥೆ ಹೇಳುವ ದನಿಯಲ್ಲ. ಬದುವಿನ ಮೇಲಿದ್ದ ಹೆಂಗಸರೆಲ್ಲ ಒಂದಲ್ಲ ಒಂದು ದಿನ ಯಾರಿಂದಲೋ ಕೇಳಿಸಿಕೊಂಡಿದ್ದ ದನಿ.

"ಹೋತು ಮಗಳ. ಈ ಸಲದ್ದು ಪೂರಾ ಹೋತು, ಒಂದು ಕಾಳೂ ಉಳೀಲಿಲ್ಲ. ಆಣಿಕಲ್ಲು ಬಿದ್ದಿದ್ದು, ನಿನ್ನ ತಪ್ಪಲ್ಲ. ನೀ ಎಷ್ಟು ಛಲೋ ಹೊತ್ತಿದ್ದಿ, ನಾವೆಲ್ಲಾ ನೋಡೇವಿ. ತವರಿಗೆ ಹೋಗಬ್ಯಾಡ. ಇಲ್ಲೇ ಇರು. ಮತ್ತ ಆಗತೈತಿ."

ಗಿರಿಮಲ್ಲಪ್ಪ ಪಟಗಾ ತೆಗೆದು ಅದರಲ್ಲೇ ಮುಖ ಮುಚ್ಚಿಕೊಂಡ. ಬಸಗೊಂಡಪ್ಪ ಅಳಲು ಬಂಡಿದಾರಿಗೆ ಹೋಗಬೇಕೆಂದು ಎದ್ದ. ಕಾಲು ಬರಲಿಲ್ಲ, ಅಲ್ಲೇ ಅತ್ತ. ಭೀಮಶಿ ಡೊಳ್ಳು ತಂದಿರಲಿಲ್ಲ, ಆದರೂ ಅವನ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದವು.

ವಿಡಿಯೋ ಹೋದ ಸ್ವಲ್ಪ ಹೊತ್ತಿಗೆ ಮ್ಯಾನೇಜರ ಫೋನು ಬಂತು. ಹೊಲದಲ್ಲೇ ನಿಂತಿದ್ದ ನೀಲಕಂಠ ಅದನ್ನೂ ಜೋರಾಗಿಟ್ಟ. ಈ ಸಲ ಎಲ್ಲ ಸರಿ ಇದೆ ಎಂದರು ಮ್ಯಾನೇಜರು. ಜಾಗ ಸರಿ, ಹೇಳಿಕೆ ಸ್ಪಷ್ಟ. ಒಂದೇ ಸಂಶಯ. ಅಜ್ಜಿ ಯಾರೋ ಒಬ್ಬ ಹೆಣ್ಣುಮಗಳಿಗೆ ಸಮಾಧಾನ ಹೇಳುತ್ತಿದ್ದಾರೆ, ಆ ಹೆಣ್ಣುಮಗಳು ವಿಡಿಯೋದಲ್ಲಿ ಎಲ್ಲೂ ಕಾಣುವುದಿಲ್ಲ. ಯಾರಾಕೆ? ಆಕೆಯ ಆರೋಗ್ಯಕ್ಕೂ ನಮ್ಮ ಬೆಳೆವಿಮೆಗೂ ಏನು ಸಂಬಂಧ?

ಬದುವಿನ ಮೇಲಿನವರೆಲ್ಲ ನೀಲಕಂಠನನ್ನೇ ನೋಡಿದರು. ಅವನು ಬಾಯಿ ತೆರೆದವನು ಮುಚ್ಚಿಕೊಂಡ. ಒಂದು ನಿಮಿಷ ಸಾರ್ ಎಂದ. ಹೊಲ ದಾಟಿ, ಬದುವಿನ ಮೇಲಿದ್ದ ಬೂಟುಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬರಿಗಾಲಿನಲ್ಲೇ ಬಂಡಿದಾರಿಗೆ ಇಳಿದ. ಅಲ್ಲಿ ನಿಂತು, ತಿರುಗಿ ಒಮ್ಮೆ ನೋಡಿದ. ಹೊಲ ಅಲ್ಲೇ ಇತ್ತು.

"ಆಕೆ ಇವರ ಹೊಲ ಸಾರ್," ಎಂದ ಮೆತ್ತಗೆ. "ಏನೂ ಉಳಿದಿಲ್ಲ. ನಾನೇ ಕಣ್ಣಾರೆ ನೋಡಿದೀನಿ, ಹಾಗಂತಲೇ ಬರೀರಿ."

ಪರಿಹಾರ ಮಂಜೂರಾದ ಸುದ್ದಿ ಬಂದದ್ದು ಮುಂಗಾರಿ ಬಿತ್ತನೆಗೆ ಊರು ಕೂರಿಗೆ ತೆಗೆಯುವ ಹೊತ್ತಿಗೆ. ಕೆಟ್ಟ ಮಾತಿಗೆ ಬಂಡಿದಾರಿ ಬೇಕು. ಒಳ್ಳೆಯ ಮಾತನ್ನು ಹೊಲದ ನಡುವೆ ನಿಂತು, ಎಷ್ಟು ಜೋರಾಗಿ ಬೇಕಾದರೂ ಹೇಳಬಹುದು. ಆಕಿಗೆ ಮೊದಲು ಹೇಳಿ ಬಾ ಎಂದು ಶಿವಗಂಗವ್ವ ಮಗನನ್ನು ಕಳಿಸಿದಳು. ಗಿರಿಮಲ್ಲಪ್ಪ ಧೋತರ ಎತ್ತಿ ಕಟ್ಟಿ ಓಡಿದ. ಓಡಿದ ಸಂಭ್ರಮದಲ್ಲಿ ಬದುವಿನ ಈ ಕಡೆ ಇಳಿಯುವ ಬದಲು ಆ ಕಡೆ ಇಳಿದ. ಮಣ್ಣಿಗೆ ಮಂಡಿಯೂರಿ, ಎರಡೂ ಅಂಗೈ ಹಚ್ಚಿ, ಎಲ್ಲವೂ ಆಯಿತು, ಊರಿಗೆಲ್ಲ ಬಂತು, ನೀನು ತವರಿಗೆ ಹೋಗದೆ ಉಳಿದೆಯಲ್ಲ, ನಿನ್ನ ಋಣ ದೊಡ್ಡದು ಎಂದು ಕಣ್ಣಲ್ಲಿ ನೀರು ತಂದುಕೊಂಡು ಉದ್ದಕ್ಕೂ ಹೇಳಿದ.

ತಲೆಯೆತ್ತಿ ನೋಡಿದರೆ ಎದುರಿಗೆ ಕೂರಿಗೆ ಹಿಡಿದು ಬಸಗೊಂಡಪ್ಪ ನಿಂತಿದ್ದ. ಬನ್ನಿಗಿಡ ಇದ್ದದ್ದು ಪಕ್ಕದ ಹೊಲದಲ್ಲಿ. ಗಿರಿಮಲ್ಲಪ್ಪ ಗಾಬರಿಯಾಗಿ ಏಳಹೋದ.

ಬಸಗೊಂಡಪ್ಪ ಅವನ ಹೆಗಲಿನ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದ. ಹುಟ್ಟಿದಾಗಿನಿಂದ ಮೊದಲ ಸಲ, ನಿಜವಾಗಿಯೂ ಸಣ್ಣ ದನಿಯಲ್ಲಿ ಮಾತಾಡಿದ.

"ಇರಲಿ ಬಿಡೋ ಗಿರಿಮಲ್ಲ. ಇನ್ನೊಮ್ಮೆ ಹೇಳು. ನಮ್ಮ ಇಕಿಗೆ ಇಷ್ಟು ದಿನ ಯಾರೂ ಏನೂ ಹೇಳೇ ಇಲ್ಲ."